ಕಲೆಯ ದ್ವೀಪಗಳಿಗೆ ಅರ್ಧ ದಿನ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ಭಾಗದಲ್ಲಿ ಹಂಚಿಕೆಯಾಗುವ ಜಪಾನ್ ಪ್ರವಾಸದ ಕರಪತ್ರಗಳಲ್ಲಿ ಈಗ ‘ಕಲಾ ದ್ವೀಪ’ ಎಂಬ ಸಾಲೂ ಸೇರಿಕೊಂಡಿದೆ. ಕ್ಯೋಟೊ ಮುಗಿಸಿ ಹಿರೋಶಿಮಾಕ್ಕೆ ಹೋಗುವ ದಾರಿಯಲ್ಲಿ ಅರ್ಧ ದಿನ, ಹಳದಿ ಕುಂಬಳಕಾಯಿ ಶಿಲ್ಪದ ಮುಂದೆ ಒಂದು ಫೋಟೊ, ಮತ್ತೆ ಹಡಗು. ಜೀವಮಾನದಲ್ಲಿ ಒಮ್ಮೆ ಎಂದು ಲಕ್ಷಗಟ್ಟಲೆ ಹಣ ಕಟ್ಟುವ ಕುಟುಂಬಗಳಿಗೆ ಇದು ಅನ್ಯಾಯ. ದುರ್ಗದ ಏಳು ಸುತ್ತಿನ ಕೋಟೆಯನ್ನು ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ನೋಡಿ ‘ನೋಡಿಯಾಯಿತು’ ಎಂದಂತೆ. ದೃಶ್ಯಕಲೆ ಕಲಿಸುವವರೂ ಪ್ರವಾಸ ಯೋಜಿಸುವವರೂ ಸೇರಿ ಬರೆಯುತ್ತಿರುವ ಈ ಪತ್ರದ ಉದ್ದೇಶ ಒಂದೇ: ಈ ದ್ವೀಪಗಳಿಗೆ ಹೋಗುವುದಾದರೆ ಕನಿಷ್ಠ ನಾಲ್ಕು ರಾತ್ರಿ ಅಲ್ಲೇ ಉಳಿಯಿರಿ, ಇಲ್ಲವಾದರೆ ಆ ಹಣವನ್ನು ಕ್ಯೋಟೊಗೇ ಬಳಸಿಕೊಳ್ಳಿ.

ಮೊದಲು ಜಾಗದ ಪರಿಚಯ. ಜಪಾನಿನ ದೊಡ್ಡ ದ್ವೀಪ ಹೊನ್ಶು ಮತ್ತು ಅದರ ದಕ್ಷಿಣದ ಶಿಕೊಕು ನಡುವೆ ಸೆಟೊ ಒಳನಾಡು ಸಮುದ್ರವಿದೆ. ಅಲೆ ಕಡಿಮೆ, ದ್ವೀಪಗಳು ಹೆಚ್ಚು. ಅವುಗಳಲ್ಲಿ ನಾವೊಶಿಮಾ, ತೆಶಿಮಾ, ಇನುಜಿಮಾ ಎಂಬ ಮೂರು ದ್ವೀಪಗಳು ಸಮಕಾಲೀನ ಕಲೆಗೆ ಹೆಸರಾಗಿವೆ. ನಾವೊಶಿಮಾದ ಜನಸಂಖ್ಯೆ ಮೂರು ಸಾವಿರದ ಆಸುಪಾಸು, ಅಂದರೆ ನಮ್ಮ ಒಂದು ಸಾಧಾರಣ ಹಳ್ಳಿಯಷ್ಟು. ಅದರ ಉತ್ತರ ತುದಿಯಲ್ಲಿ 1917ರಿಂದ ತಾಮ್ರ ಕರಗಿಸುವ ಕಾರ್ಖಾನೆಯಿದೆ. ಆ ಹೊಗೆಗೆ ಗುಡ್ಡಗಳು ಬೋಳಾಗಿದ್ದವು. 1985ರಲ್ಲಿ ಪ್ರಕಾಶನ ಸಂಸ್ಥೆಯೊಂದರ ಸ್ಥಾಪಕ ತೆತ್ಸುಹಿಕೊ ಫುಕುತಾಕೆ ಮತ್ತು ಆಗಿನ ಮೇಯರ್ ಚಿಕಾತ್ಸುಗು ಮಿಯಾಕೆ ಕೂತು ಮಾತಾಡಿ, ದಕ್ಷಿಣ ಭಾಗವನ್ನು ಸಂಸ್ಕೃತಿಗೆ ಮೀಸಲಿಡಲು ಒಪ್ಪಿದರು. ಮರುವರ್ಷವೇ ಫುಕುತಾಕೆ ತೀರಿಕೊಂಡರು, ಮಗ ಸೊಇಚಿರೊ ಕೆಲಸ ಮುಂದುವರಿಸಿದರು. ವಾಸ್ತುಶಿಲ್ಪಿ ತದಾವೊ ಆಂಡೊ ವಿನ್ಯಾಸದ ಬೆನೆಸ್ಸೆ ಹೌಸ್ 1992ರಲ್ಲಿ ತೆರೆಯಿತು. ಮ್ಯೂಸಿಯಂ ಮತ್ತು ಹೋಟೆಲ್ ಒಂದೇ ಸೂರಿನಡಿ ಇರುವುದು ಅದರ ವಿಶೇಷ.

ನಾಲ್ಕು ರಾತ್ರಿ ಯಾಕೆ ಬೇಕು? ಇಲ್ಲಿನ ಮುಖ್ಯ ಕೃತಿಗಳು ಗೋಡೆಗೆ ತೂಗುಹಾಕಿದ ಚಿತ್ರಗಳಲ್ಲ. ಬೆಳಕು, ಕತ್ತಲೆ, ನೀರು, ಗಾಳಿಯೇ ಅಲ್ಲಿನ ಸಾಮಗ್ರಿ. ಅವು ನಮ್ಮ ಬಸ್ಸಿನ ವೇಳೆಗೆ ಸರಿಯಾಗಿ ನಡೆಯುವುದಿಲ್ಲ.

2004ರಲ್ಲಿ ತೆರೆದ ಚಿಚು ಮ್ಯೂಸಿಯಂ ಇದಕ್ಕೆ ಒಳ್ಳೆಯ ಉದಾಹರಣೆ. ‘ಚಿಚು’ ಎಂದರೆ ನೆಲದೊಳಗೆ ಎಂದರ್ಥ. ಗುಡ್ಡದ ಚಹರೆ ಕೆಡಬಾರದೆಂದು ಆಂಡೊ ಇಡೀ ಕಟ್ಟಡವನ್ನು ಮಣ್ಣಿನಡಿ ಹೂತಿದ್ದಾರೆ. ಹೀಗಿದ್ದರೂ ಒಳಗೆ ಸೂರ್ಯನ ಬೆಳಕೇ ದೀಪ. ಕ್ಲೋಡ್ ಮೊನೆಯ ಐದು ‘ನೈದಿಲೆ’ ಚಿತ್ರಗಳಿರುವ ಕೋಣೆಯಲ್ಲಿ ಒಂದೇ ಒಂದು ಬಲ್ಬ್ ಇಲ್ಲ. ನೆಲಕ್ಕೆ ಎರಡು ಸೆಂಟಿಮೀಟರ್ ಅಳತೆಯ ಬಿಳಿ ಅಮೃತಶಿಲೆಯ ಸುಮಾರು 7 ಲಕ್ಷ ಘನಗಳನ್ನು ಜೋಡಿಸಿದ್ದಾರೆ. ಮೋಡ ಸರಿದಾಗ ಚಿತ್ರದ ನೀಲಿ ಬದಲಾಗುವುದು ಕಣ್ಣಿಗೇ ತಿಳಿಯುತ್ತದೆ. ಹತ್ತು ನಿಮಿಷ ಕೂಡದಿದ್ದರೆ ಅದು ಕಾಣುವುದಿಲ್ಲ. ಇನ್ನೊಂದು ಕೋಣೆಯಲ್ಲಿ ವಾಲ್ಟರ್ ಡಿ ಮರಿಯಾ ಅವರ 2.2 ಮೀಟರ್ ವ್ಯಾಸದ ಗ್ರಾನೈಟ್ ಗೋಳ, ಸುತ್ತಲೂ ಚಿನ್ನದ ರೇಕು ಮೆತ್ತಿದ 27 ಮರದ ಕಂಬಗುಚ್ಛಗಳು. ಬೆಳಿಗ್ಗೆ ನೋಡಿದ ಗೋಳವೇ ಬೇರೆ, ಇಳಿಹೊತ್ತಿನಲ್ಲಿ ಕಾಣುವ ಗೋಳವೇ ಬೇರೆ. ಮೂರನೆಯವರು ಜೇಮ್ಸ್ ಟರೆಲ್. ಅವರ ‘ಓಪನ್ ಸ್ಕೈ’ ಒಂದು ಕೋಣೆ, ಮೇಲ್ಛಾವಣಿಯಲ್ಲಿ ಚೌಕ ಕಿಂಡಿ. ಶುಕ್ರವಾರ ಮತ್ತು ಶನಿವಾರ ಸಂಜೆ ಸೂರ್ಯಾಸ್ತದ ಹೊತ್ತಿಗೆ ಇಲ್ಲಿ ವಿಶೇಷ ಪ್ರದರ್ಶನವಿರುತ್ತದೆ. ಒಳಗಿನ ದೀಪಗಳ ಬಣ್ಣ ಬದಲಾದಂತೆ ಮೇಲಿನ ಆಕಾಶವೇ ಬಣ್ಣ ಬದಲಿಸಿದಂತೆ ಕಾಣುತ್ತದೆ. ಇದಕ್ಕೆ ಪ್ರತ್ಯೇಕ ಟಿಕೆಟ್, ಅದೂ ಮುಂಗಡವಾಗಿ. ಹಗಲಿನ ಪ್ರವೇಶಕ್ಕೂ ಗಂಟೆ ನಿಗದಿಯಾದ ಆನ್‌ಲೈನ್ ಟಿಕೆಟ್ ಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಇದನ್ನು ಮನೆಯಲ್ಲೇ ಮಕ್ಕಳಿಗೆ ಹೇಳಿ ಕರೆದೊಯ್ಯುವುದು ಒಳ್ಳೆಯದು.

ಅರ್ಧ ದಿನಕ್ಕೆ ಬಂದವರು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಇಲ್ಲಿರುತ್ತಾರೆ. ದಿನದಲ್ಲಿ ಅತಿ ಹೆಚ್ಚು ಜನ, ಅತಿ ಕಡಿಮೆ ಬದಲಾಗುವ ಬೆಳಕು ಎರಡೂ ಆ ಹೊತ್ತಿನದೇ.

ವಾಸ್ತವ್ಯಕ್ಕೆ ಹಣ ಖರ್ಚು ಮಾಡುವ ಮನಸ್ಸಿದ್ದರೆ ಬೆನೆಸ್ಸೆ ಹೌಸ್‌ನಲ್ಲೇ ಮಾಡಿ. ನಾಲ್ಕು ಕಟ್ಟಡಗಳಿವೆ: ಮ್ಯೂಸಿಯಂ, ಓವಲ್, ಪಾರ್ಕ್, ಬೀಚ್. ಓವಲ್‌ನಲ್ಲಿ ಬರೀ ಆರು ಕೋಣೆ. ಮ್ಯೂಸಿಯಂನಿಂದ ಪುಟ್ಟ ಮಾನೊರೈಲಿನಲ್ಲಿ ಗುಡ್ಡ ಹತ್ತಬೇಕು, ಮೇಲೆ ಅಂಡಾಕಾರದ ನೀರಿನ ಕೊಳ, ಮೇಲ್ಗಡೆ ತೆರೆದ ಆಕಾಶ. ಪಾರ್ಕ್ ಮತ್ತು ಬೀಚ್ 2006ರವು, ಸಮುದ್ರದ ಮಟ್ಟದಲ್ಲಿವೆ. ವಯಸ್ಸಾದವರಿದ್ದರೆ ಇವೇ ಅನುಕೂಲ. ಕೋಣೆಗಳಲ್ಲಿ ಟಿವಿ ಇಲ್ಲ. ಇಲ್ಲಿ ಉಳಿಯುವುದರ ನಿಜವಾದ ಲಾಭ ಹಾಸಿಗೆಯಲ್ಲಲ್ಲ, ಹಗಲಿನ ಪ್ರವಾಸಿಗಳು ಹಡಗು ಹತ್ತಿ ಹೋದ ಮೇಲೂ ಮ್ಯೂಸಿಯಂ ಅತಿಥಿಗಳಿಗೆ ತೆರೆದಿರುತ್ತದೆ ಎಂಬುದರಲ್ಲಿದೆ. ನಿಶ್ಶಬ್ದವಾದ ಕಾಂಕ್ರೀಟ್ ಗೋಡೆಗಳ ನಡುವೆ ಒಬ್ಬರೇ ನಿಂತು ನೋಡುವ ಆ ಹೊತ್ತಿಗೇ ಹಣ ಕೊಡುತ್ತಿದ್ದೇವೆ ಎಂದುಕೊಳ್ಳಿ. ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಅವರ ಹಳದಿ ಕುಂಬಳಕಾಯಿಯೂ ಬೆಳಗಿನ ಆರು ಗಂಟೆಗೆ ಸರತಿಯಿಲ್ಲದೆ ಸಿಗುತ್ತದೆ. 1994ರಲ್ಲಿ ಇಟ್ಟ ಆ ಕೃತಿಯನ್ನು 2021ರ ಆಗಸ್ಟ್‌ನಲ್ಲಿ ಚಂಡಮಾರುತ ಸಮುದ್ರಕ್ಕೆ ಎಳೆದುಕೊಂಡು ಹೋಗಿತ್ತು, 2022ರ ಅಕ್ಟೋಬರ್‌ನಲ್ಲಿ ಮರುಸ್ಥಾಪನೆಯಾಯಿತು. ಕೆಂಪು ಕುಂಬಳಕಾಯಿ ಬೇರೆ, ಅದು ಮಿಯನೌರಾ ಬಂದರಿನಲ್ಲಿದೆ.

ಎಲ್ಲ ಸೇರಿ ಕೋಣೆಗಳು ನೂರನ್ನು ಮುಟ್ಟುವುದಿಲ್ಲ, ಆದ್ದರಿಂದ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಕೋಣೆ ಸಿಕ್ಕ ದಿನಾಂಕಕ್ಕೆ ವಿಮಾನ ಹೊಂದಿಸಿಕೊಳ್ಳಬೇಕು. ನಮ್ಮವರು ಮಾಡುವುದು ತಿರುಗುಮುರುಗು: ವಿಮಾನದ ಟಿಕೆಟ್ ಮೊದಲು, ಕೋಣೆ ಆಮೇಲೆ. ಹಾಗಾಗಿ ದ್ವೀಪದಾಚೆ ಉಳಿದು ದಿನಾ ಹಡಗಿನಲ್ಲಿ ಓಡಾಡುವ ಪಾಡು. ಬೆನೆಸ್ಸೆ ಹೌಸ್‌ನಲ್ಲಿ ಸಿಗದಿದ್ದರೆ 2022ರಲ್ಲಿ ಶುರುವಾದ ರೋಕಾ ಎಂಬ ರ‍್ಯೋಕನ್ ಇದೆ, ಜಪಾನೀ ಮಾದರಿಯ ವಸತಿ, ಪ್ರತಿ ಕೋಣೆಗೂ ಬಯಲು ಸ್ನಾನದ ತೊಟ್ಟಿ.

ಹೊನ್‌ಮುರಾ ಎಂಬ ಹಳೇ ಊರಿನೊಳಗೆ ಖಾಲಿ ಬಿದ್ದ ಮನೆಗಳನ್ನು 1998ರಿಂದ ಒಂದೊಂದಾಗಿ ಕಲಾಕೃತಿಗಳಾಗಿ ಮಾಡಿದ್ದಾರೆ. ಮೊದಲನೆಯದಾದ ಕದೊಯಾದಲ್ಲಿ ಕತ್ತಲ ಕೋಣೆಯ ನೀರಿನೊಳಗೆ 125 ಎಲ್‌ಇಡಿ ಅಂಕಿಗಳು ಮಿನುಗುತ್ತವೆ. ಪ್ರತಿಯೊಂದು ಅಂಕಿಯ ವೇಗವನ್ನು ನಿಗದಿಪಡಿಸಿದವರು ಊರಿನ ಜನರೇ. ಮಿನಾಮಿದೆರಾದಲ್ಲಿ ಗುಂಪು ಗುಂಪಾಗಿ ಒಳಗೆ ಬಿಡುತ್ತಾರೆ. ಒಳಗೆ ಗವ್ವೆನ್ನುವ ಕತ್ತಲೆ, ಗೋಡೆ ಹಿಡಿದು ನಡೆದು ಬೆಂಚಿನ ಮೇಲೆ ಕೂಡಬೇಕು. ಏನೂ ಕಾಣುವುದಿಲ್ಲ ಎಂದು ಎದ್ದು ಬರಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ, ಆಮೇಲೆ ಎದುರಿಗೆ ಮಸುಕಾದ ಬೆಳಕಿನ ಹಾಳೆಯೊಂದು ತೆರೆದುಕೊಳ್ಳುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಹೊರಗಿನ ಬಿಸಿಲಿನಿಂದ ನೇರ ಬರುವ ಮುನ್ನ ಐದು ನಿಮಿಷ ನೆರಳಲ್ಲಿ ನಿಂತರೆ, ಮೊಬೈಲ್ ಪರದೆ ನೋಡದಿದ್ದರೆ ಬೇಗ ಕಾಣುತ್ತದೆ. ಚಂದ್ರವಳ್ಳಿಯ ಗುಹೆಗಳೊಳಗೆ ದೀಪ ಆರಿಸಿ ನಿಂತವರಿಗೆ ಈ ಅನುಭವದ ಅರ್ಧ ಗೊತ್ತೇ ಇದೆ. ಅದೇ ಊರಿನ ಗೊಒ ಗುಡಿಗೆ ಕಲಾವಿದ ಹಿರೊಶಿ ಸುಗಿಮೊತೊ ಗಾಜಿನ ಮೆಟ್ಟಿಲು ಇಳಿಬಿಟ್ಟಿದ್ದಾರೆ. ನೆಲಮಾಳಿಗೆಗೆ ಇಕ್ಕಟ್ಟಿನ ದಾರಿ, ದಪ್ಪ ಮೈಯವರಿಗೂ ಮಂಡಿ ನೋವಿನವರಿಗೂ ಕಷ್ಟ. ಹೊರಬರುವಾಗ ಆ ಸಂದಿಯ ಕೊನೆಯಲ್ಲಿ ಸಮುದ್ರ ಕಾಣುತ್ತದೆ.

ಇನ್ನು ತೆಶಿಮಾ. ಇದಕ್ಕೆ ಒಂದು ಪೂರ್ತಿ ದಿನ ಕೊಡದವರು ಪ್ರವಾಸದ ಹೃದಯವನ್ನೇ ಬಿಟ್ಟು ಬಂದಂತೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಸರಿನ ಅರ್ಥ ‘ಸಮೃದ್ಧ ದ್ವೀಪ’. ಆದರೆ 1990ರಲ್ಲಿ ಪೊಲೀಸರು ದಾಳಿ ಮಾಡುವವರೆಗೆ ವರ್ಷಗಟ್ಟಲೆ ಇಲ್ಲಿ ಕೈಗಾರಿಕಾ ತ್ಯಾಜ್ಯವನ್ನು ಅಕ್ರಮವಾಗಿ ಸುರಿಯಲಾಗಿತ್ತು. ಊರವರು ಪಟ್ಟು ಬಿಡದೆ ಹೋರಾಡಿ 2000ದಲ್ಲಿ ಒಪ್ಪಂದ ಪಡೆದರು. 2017ರ ಹೊತ್ತಿಗೆ ಒಂಬತ್ತು ಲಕ್ಷ ಟನ್‌ಗೂ ಮೀರಿದ ಕಸ ಮತ್ತು ವಿಷಮಣ್ಣು ಹೊರಗೆ ಹೋಯಿತು, ಅದರ ಸಂಸ್ಕರಣೆ ನಡೆದದ್ದು ಪಕ್ಕದ ನಾವೊಶಿಮಾದಲ್ಲೇ. ಈ ಹಿನ್ನೆಲೆ ತಿಳಿದು ಹೋದರೆ 2010ರಲ್ಲಿ ತೆರೆದ ತೆಶಿಮಾ ಮ್ಯೂಸಿಯಂನ ನೀರಿನ ಹನಿಗಳು ಬೇರೆಯೇ ಮಾತಾಡುತ್ತವೆ.

ವಾಸ್ತುಶಿಲ್ಪಿ ರ‍್ಯೂಎ ನಿಶಿಜಾವಾ, ಕಲಾವಿದೆ ರೇ ನೈತೊ. ಸುಮಾರು 40 ಮೀಟರ್ ಅಗಲ, 60 ಮೀಟರ್ ಉದ್ದದ ಕಾಂಕ್ರೀಟ್ ಚಿಪ್ಪು. ದಪ್ಪ 25 ಸೆಂಟಿಮೀಟರ್, ಒಳಗೆ ಒಂದೂ ಕಂಬವಿಲ್ಲ. ಮಣ್ಣಿನ ದಿಬ್ಬವನ್ನೇ ಅಚ್ಚಾಗಿ ಮಾಡಿ ಅದರ ಮೇಲೆ ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ಬಗೆದು ತೆಗೆದರು. ನಮ್ಮ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯಬೇಕಾದ ಕೆಲಸ. ಮೇಲೆ ಎರಡು ದೊಡ್ಡ ಅಂಡಾಕಾರದ ತೆರಪು, ಅದರಿಂದ ಗಾಳಿ, ಮಳೆ, ಹಕ್ಕಿಯ ದನಿ ನೇರ ಒಳಬರುತ್ತವೆ. ನೆಲದ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹನಿಯಾಗಿ ಮೂಡುತ್ತದೆ, ಕಣ್ಣಿಗೆ ತಿಳಿಯದ ಇಳಿಜಾರಿನಲ್ಲಿ ಹರಿದು ಇನ್ನೊಂದು ಹನಿಯನ್ನು ಸೇರಿ ಕೊಳವಾಗುತ್ತದೆ. ಕೆಸುವಿನೆಲೆಯ ಮೇಲಿನ ನೀರನ್ನು ನೋಡಿದವರಿಗೆ ಆ ಚಲನೆ ಪರಿಚಿತ. ಪಾದರಕ್ಷೆ ಹೊರಗೆ ಬಿಡಬೇಕು, ಮಾತು ಪಿಸುದನಿಯಲ್ಲಿ, ಫೋಟೊ ಇಲ್ಲ. ನೆಲ ನೋಡಿ ಹೆಜ್ಜೆ ಇಡಿ, ಹನಿಗಳನ್ನು ತುಳಿಯುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಕನಿಷ್ಠ ಒಂದು ತಾಸು ಬೇಕು. ಟಿಕೆಟಿಗೆ ಮುಂಗಡವಾಗಿ ವೇಳೆ ಕಾಯ್ದಿರಿಸಿ.

ಇಎಉರಾ ಬಂದರಿನಲ್ಲಿ ಬ್ಯಾಟರಿ ನೆರವಿನ ಸೈಕಲ್ ಬಾಡಿಗೆಗೆ ಸಿಗುತ್ತದೆ. ಮ್ಯೂಸಿಯಂ ಇರುವುದು ಆಚೆ ಬದಿಯ ಕರಾತೊದಲ್ಲಿ, ನಡುವೆ ಏರು. ಬ್ಯಾಟರಿ ಇಲ್ಲದ ಸೈಕಲ್ ಹಿಡಿದವರು ಅರ್ಧ ದಾರಿ ತಳ್ಳುತ್ತಾರೆ. ಬಸ್ಸುಗಳಿವೆ, ಸಂಖ್ಯೆ ಕಡಿಮೆ. ಮ್ಯೂಸಿಯಂ ಪಕ್ಕದ ಇಳಿಜಾರಿನಲ್ಲಿ ಮತ್ತೆ ಸಾಗುವಳಿಗೆ ತಂದ ಭತ್ತದ ಮೆಟ್ಟಿಲುಗದ್ದೆಗಳಿವೆ. ಭದ್ರಾ ನಾಲೆಯ ಗದ್ದೆಗಳನ್ನು ನೋಡಿ ಬೆಳೆದ ನಮಗೆ ಅಲ್ಲಿ ಅರ್ಧ ಗಂಟೆ ಸುಮ್ಮನೆ ಕೂಡಬೇಕೆನಿಸುತ್ತದೆ. ಕರಾತೊ ಕಡಲಂಚಿನಲ್ಲಿ ಫ್ರೆಂಚ್ ಕಲಾವಿದ ಕ್ರಿಸ್ತಿಯಾನ್ ಬೋಲ್ತಾನ್ಸ್ಕಿ ಅವರ ಹೃದಯಬಡಿತಗಳ ಸಂಗ್ರಹಾಲಯವಿದೆ. ಜಗತ್ತಿನ ನಾನಾ ಕಡೆಯ ಜನರ ಎದೆಬಡಿತವನ್ನು ಕತ್ತಲ ಕೋಣೆಯಲ್ಲಿ ಕೇಳಿಸುತ್ತಾರೆ. ಶುಲ್ಕ ಕೊಟ್ಟು ನಿಮ್ಮದನ್ನೂ ದಾಖಲಿಸಬಹುದು.

ಇನುಜಿಮಾ ತೀರಾ ಚಿಕ್ಕದು. 1909ರಲ್ಲಿ ಶುರುವಾಗಿ ಹತ್ತೇ ವರ್ಷದಲ್ಲಿ ತಾಮ್ರದ ಬೆಲೆ ಕುಸಿದು ಮುಚ್ಚಿದ ಕಾರ್ಖಾನೆಯ ಅವಶೇಷವನ್ನು 2008ರಲ್ಲಿ ಮ್ಯೂಸಿಯಂ ಮಾಡಿದರು. ವಾಸ್ತುಶಿಲ್ಪಿ ಹಿರೊಶಿ ಸಂಬುಇಚಿ ಹಳೇ ಚಿಮಣಿಯನ್ನು ಕೆಡವಲಿಲ್ಲ. ಅದರ ಎಳೆತ, ಬಿಸಿಲು, ನೆಲದ ತಂಪು ಬಳಸಿ ಏಸಿ ಇಲ್ಲದೆ ಒಳಗೆ ಗಾಳಿಯಾಡುವಂತೆ ಮಾಡಿದರು. ಗೋಡೆಗೆ ಲೋಹದ ಕಿಟ್ಟದಿಂದ ಮಾಡಿದ ಕಪ್ಪು ಇಟ್ಟಿಗೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯಿಂದ ಹೋದವರು ಇದನ್ನು ಬಿಡಬಾರದು. ಮುಚ್ಚಿದ ಗಿರಣಿಯ ಜಾಗ ಲೇಔಟ್ ಆಗುವುದೊಂದೇ ದಾರಿಯಲ್ಲ ಎಂಬುದು ಅಲ್ಲಿ ಕಣ್ಣೆದುರು ನಿಂತಿದೆ.

ಈಗ ಅತಿ ಹೆಚ್ಚು ಪ್ರವಾಸಗಳು ಕೆಡುವ ವಿಷಯ: ವಾರದ ರಜೆ. ನಾವೊಶಿಮಾದ ಚಿಚು, ಕೊರಿಯಾ ಮೂಲದ ಕಲಾವಿದನ ಹೆಸರಿನ ಲೀ ಉಫಾನ್ ಮ್ಯೂಸಿಯಂ, ಹೊನ್‌ಮುರಾದ ಕಲಾಮನೆಗಳು ಸೋಮವಾರ ಮುಚ್ಚಿರುತ್ತವೆ. ತೆಶಿಮಾ, ಇನುಜಿಮಾ ಮಂಗಳವಾರ ಮುಚ್ಚಿರುತ್ತವೆ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮಂಗಳವಾರದಿಂದ ಗುರುವಾರದ ತನಕ. ಜಪಾನಿನಲ್ಲಿ ಸೋಮವಾರಕ್ಕೆ ಬೀಳುವ ಸರ್ಕಾರಿ ರಜೆಗಳು ಹಲವು. ಅಂಥ ಸೋಮವಾರ ತೆರೆದು ಮರುದಿನ ಮುಚ್ಚುತ್ತಾರೆ. ಮ್ಯೂಸಿಯಂ ಮುಚ್ಚಿರುವ ದಿನ ದ್ವೀಪಗಳ ನಡುವಿನ ಸಣ್ಣ ವೇಗದ ದೋಣಿಯೂ ಓಡದಿರಬಹುದು, ಅನೇಕ ಊಟದ ಹೋಟೆಲುಗಳ ಬಾಗಿಲೂ ಹಾಕಿರುತ್ತದೆ. ಆದ್ದರಿಂದ ನಾವು ಸೂಚಿಸುವ ಲೆಕ್ಕ ಇದು: ಬುಧವಾರ ಮಧ್ಯಾಹ್ನ ನಾವೊಶಿಮಾಕ್ಕೆ, ಅಂದು ಬರೀ ಕಡಲತೀರ ಮತ್ತು ರಾತ್ರಿಯ ಮ್ಯೂಸಿಯಂ. ಗುರುವಾರ ತೆಶಿಮಾ. ಶುಕ್ರವಾರ ಬೆಳಿಗ್ಗೆ ಲೀ ಉಫಾನ್, ಇಳಿಹೊತ್ತು ಚಿಚು, ಸಂಜೆ ಓಪನ್ ಸ್ಕೈ. ಶನಿವಾರ ಹೊನ್‌ಮುರಾ, 2025ರ ಮೇ ಕೊನೆಗೆ ತೆರೆದ ನಾವೊಶಿಮಾ ಹೊಸ ಮ್ಯೂಸಿಯಂ, ಅಥವಾ ಇನುಜಿಮಾ. ಭಾನುವಾರ ಶಿಕೊಕುವಿನ ತಕಮತ್ಸು ನಗರಕ್ಕೆ ದಾಟಿ ರಿತ್ಸುರಿನ್ ಉದ್ಯಾನ. ಚಳಿಗಾಲದಲ್ಲಾದರೆ ತೆಶಿಮಾವನ್ನು ಶನಿವಾರಕ್ಕೆ ಸರಿಸಿ. ಕಲ್ಲಿನ ಕೆಲಸದಲ್ಲಿ ಆಸಕ್ತಿಯಿರುವ ದುರ್ಗದವರು ತಕಮತ್ಸು ಪಕ್ಕದ ಮುರೆಯಲ್ಲಿ ಶಿಲ್ಪಿ ಇಸಾಮು ನೊಗುಚಿಯ ಕೆಲಸದ ಅಂಗಳಕ್ಕೆ ಮುಂಚಿತವಾಗಿ ಅನುಮತಿ ಕೇಳಿ ಇನ್ನೊಂದು ದಿನ ಉಳಿಯಬಹುದು. ಅಲ್ಲಿನ ಗ್ರಾನೈಟ್ ಜಪಾನಿನಲ್ಲೇ ಹೆಸರಾದದ್ದು.

ದಾರಿಯ ವಿಷಯ ಚುಟುಕಾಗಿ. ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ನೇರ ವಿಮಾನವಿದೆ. ಇಳಿದ ದಿನವೇ ದ್ವೀಪ ಮುಟ್ಟುವ ಹಟ ಬೇಡ. ಟೋಕಿಯೊದಿಂದ ಒಕಾಯಾಮಾಕ್ಕೆ ನೊಜೊಮಿ ಬುಲೆಟ್ ರೈಲಿನಲ್ಲಿ ಮೂರೂಕಾಲು ತಾಸಿನ ಆಸುಪಾಸು, ಅಲ್ಲಿಂದ ಉನೊ ಬಂದರಿಗೆ ಸ್ಥಳೀಯ ರೈಲಿನಲ್ಲಿ ಸುಮಾರು ಒಂದು ತಾಸು, ಹಲವು ಸಲ ಚಾಯಾಮಾಚಿಯಲ್ಲಿ ರೈಲು ಬದಲಿಸಬೇಕು. ಉನೊದಿಂದ ಮಿಯನೌರಾಕ್ಕೆ ಹಡಗಿನಲ್ಲಿ 20 ನಿಮಿಷ. ತಕಮತ್ಸುವಿನಿಂದಾದರೆ 50 ನಿಮಿಷ. ತೆಶಿಮಾಕ್ಕೆ ಹೋಗುವ ದೋಣಿ ಚಿಕ್ಕದು, ಸೀಟು ತುಂಬಿದರೆ ಬಿಟ್ಟು ಹೊರಡುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಸರತಿಯಲ್ಲಿರಿ, ಹಿಂದಿರುಗುವ ಕೊನೆಯ ದೋಣಿಯ ವೇಳೆಯನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ.

ಮದುವೆ ಮನೆಗೆ ಹೊರಟಂತೆ ದೊಡ್ಡ ಸೂಟ್‌ಕೇಸ್ ಒಯ್ಯುವ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ ನಿಗದಿತ ಸೀಟು ಮೊದಲೇ ಕಾಯ್ದಿರಿಸಬೇಕು. ದ್ವೀಪದ ಬಸ್ಸಿನಲ್ಲಿ ಜಾಗವಿಲ್ಲ. ‘ತಕ್ಯುಬಿನ್’ ಎಂಬ ಸಾಗಣೆ ಸೇವೆಯಲ್ಲಿ ದೊಡ್ಡ ಪೆಟ್ಟಿಗೆಯನ್ನು ಟೋಕಿಯೊದ ಹೋಟೆಲಿನಿಂದ ನೇರ ತಕಮತ್ಸುವಿನ ಹೋಟೆಲಿಗೆ ಕಳಿಸಿ, ತಲುಪಬೇಕಾದ ದಿನಾಂಕ ಚೀಟಿಯಲ್ಲಿ ಬರೆಸಿ. ನಾಲ್ಕು ದಿನದ ಬಟ್ಟೆ ಬೆನ್ನಚೀಲಕ್ಕೆ ಸಾಕು. ನಗದು ಯೆನ್ ಇಟ್ಟುಕೊಳ್ಳಿ, ಬಸ್ಸಿಗೂ ಸಣ್ಣ ಅಂಗಡಿಗೂ ಬೇಕು.

ಕಾಲ: ನಮ್ಮ ಶಾಲೆಗಳ ದಸರಾ ರಜೆ, ದೀಪಾವಳಿಯ ಹೊತ್ತು ಅಲ್ಲಿ ಅತ್ಯುತ್ತಮ. ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ 29ರಿಂದ ಮೇ 5ರವರೆಗಿನ ಅವರ ‘ಗೋಲ್ಡನ್ ವೀಕ್’ ಸಾಲುರಜೆ ತಪ್ಪಿಸಿ, ಮೇ ಎರಡನೇ ವಾರದಿಂದ ತಿಂಗಳ ಕೊನೆಯೊಳಗೆ ಹೋಗಿ ಬರಬೇಕು. ಜೂನ್‌ನಲ್ಲಿ ಮಳೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂದರೆ ಹಡಗೇ ನಿಲ್ಲುತ್ತದೆ. 2010ರಿಂದ ಮೂರು ವರ್ಷಕ್ಕೊಮ್ಮೆ ಸೆಟೊಉಚಿ ಕಲಾ ಉತ್ಸವ ನಡೆಯುತ್ತಿದೆ, 2025ರದ್ದು ಮುಗಿದಿದೆ. ಉತ್ಸವದ ವರ್ಷ ಹೆಚ್ಚು ಕೃತಿಗಳಿದ್ದರೂ ದೋಣಿಗಳಲ್ಲಿ ನೂಕುನುಗ್ಗಲು. ನಿಧಾನ ಬಯಸುವವರಿಗೆ ಉತ್ಸವವಿಲ್ಲದ ವರ್ಷವೇ ಮೇಲು.

ಊಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಅನೇಕ ಮನೆಗಳು ಶುದ್ಧ ಸಸ್ಯಾಹಾರಿಗಳು. ಆ ಭಾಗ ಉದೋನ್ ಎಂಬ ದಪ್ಪ ಶಾವಿಗೆಗೆ ಪ್ರಸಿದ್ಧ. ತಟ್ಟೆಯಲ್ಲಿ ಮಾಂಸ ಕಾಣದಿದ್ದರೂ ಅದರ ಸಾರು ಒಣಮೀನಿನದು. ಈ ‘ದಾಶಿ’ ಎಂಬ ತಿಳಿಸಾರು ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ತೆಂಪುರಾ ಎಂಬ ಬಜ್ಜಿಯ ಅದ್ದುಸಾರಿನಲ್ಲಿ ಎಲ್ಲ ಕಡೆ ಇರುತ್ತದೆ. ತಣ್ಣನೆಯ ತೋಫು ಮೇಲೆ ಮರದ ಹೊಟ್ಟಿನಂತೆ ಉದುರಿಸುವುದೂ ಮೀನೇ. ‘ವೆಜಿಟೇರಿಯನ್’ ಎಂದರೆ ಮಾಂಸ ಬೇಡ ಎಂದಷ್ಟೇ ತಿಳಿಯುವ ಅಡುಗೆಯವರಿದ್ದಾರೆ. ಆದ್ದರಿಂದ ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಯಾವುದು ಬೇಡ ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ಒಯ್ಯಿರಿ. ಹೋಟೆಲಿಗೆ ಕೋಣೆ ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ಹೋದ ಸಂಜೆ ಹೇಳಿದರೆ ಸಿಗುವುದು ಸಲಾಡ್ ಮತ್ತು ಅನ್ನ. ‘ಕೊಂಬು’ ಎಂಬ ಕಡಲಪಾಚಿ ಮತ್ತು ಒಣ ಅಣಬೆಯ ಸಾರಿನಲ್ಲಿ ಮಾಡಲು ಸಾಧ್ಯವೇ ಎಂದು ಕೇಳಬಹುದು, ಅವರ ಬೌದ್ಧ ಮಠಗಳ ಅಡುಗೆ ಹಾಗೆಯೇ ಇದೆ. ತೆಂಪುರಾಕ್ಕೆ ಸಾರಿನ ಬದಲು ಉಪ್ಪು ಕೇಳಿ. ದ್ವೀಪದಲ್ಲಿ ರಾತ್ರಿ ತೆರೆದಿರುವ ಹೋಟೆಲುಗಳು ಕೆಲವೇ, ಅವೂ ಬೇಗ ಮುಚ್ಚುತ್ತವೆ. ಅವಲಕ್ಕಿ, ಚಟ್ನಿಪುಡಿ, ಒಗ್ಗರಣೆ ಹಾಕಿ ಒಣಗಿಸಿದ ಮಂಡಕ್ಕಿ ಚೀಲದಲ್ಲಿದ್ದರೆ ತೆಶಿಮಾದ ದಿನ ನೆಮ್ಮದಿ. ಮ್ಯೂಸಿಯಂ ಒಳಗೆ ತಿನ್ನುವಂತಿಲ್ಲ, ತಿಂದ ಕಾಗದವನ್ನು ಹಾಕಲು ಬೀದಿಯಲ್ಲಿ ತೊಟ್ಟಿಯೂ ಇರುವುದಿಲ್ಲ. ಒಂದು ಖಾಲಿ ಚೀಲ ಜೊತೆಗಿರಲಿ.

ಕಲಾ ವಿದ್ಯಾರ್ಥಿಗಳು ಈ ಖರ್ಚು ಕಂಡು ಹಿಂಜರಿಯಬೇಕಿಲ್ಲ. ಮಿಯನೌರಾ, ಹೊನ್‌ಮುರಾಗಳಲ್ಲಿ ಊರವರೇ ನಡೆಸುವ ಸಾದಾ ತಂಗುಮನೆಗಳಿವೆ. ರಾತ್ರಿಯ ಮ್ಯೂಸಿಯಂ ಮಾತ್ರ ತಪ್ಪುತ್ತದೆ, ಬೆಳಗಿನ ಬೆಳಕು ಎಲ್ಲರಿಗೂ ಒಂದೇ.

ಕೊನೆಗೆ, ಮುಂಗಡ ಹಣ ಕಟ್ಟುವ ಮೊದಲು ಏಜೆನ್ಸಿಯವರನ್ನು ಇಷ್ಟು ಕೇಳಿ: ದ್ವೀಪದಲ್ಲಿ ಎಷ್ಟು ರಾತ್ರಿ? ಯಾವ ವಾರ ಯಾವ ದ್ವೀಪ? ಚಿಚು ಮತ್ತು ತೆಶಿಮಾ ಮ್ಯೂಸಿಯಂಗಳ ಗಂಟೆ ನಿಗದಿಯಾದ ಟಿಕೆಟ್ ದರದಲ್ಲಿ ಸೇರಿದೆಯೇ, ಯಾರ ಹೆಸರಿನಲ್ಲಿ? ಹಡಗು ನಿಂತರೆ ಆ ರಾತ್ರಿಯ ವಸತಿ ಯಾರ ಖರ್ಚು? ಸಸ್ಯಾಹಾರದ ವಿಚಾರ ಹೋಟೆಲಿಗೆ ಬರಹದಲ್ಲಿ ಹೋಗಿದೆಯೇ? ನಮ್ಮ ಜಿಲ್ಲೆಗಳ ಏಜೆನ್ಸಿಗಳಲ್ಲಿ ವಿನಂತಿ: ಮುಂದಿನ ಕರಪತ್ರದಲ್ಲಿ ಕುಂಬಳಕಾಯಿಯ ಚಿತ್ರದ ಕೆಳಗೆ ಈ ಐದು ಪ್ರಶ್ನೆಗಳ ಉತ್ತರವನ್ನೂ ಅಚ್ಚು ಹಾಕಿಸಿ.

— ದೃಶ್ಯಕಲಾ ಬೋಧಕರು ಮತ್ತು ಪ್ರವಾಸ ಯೋಜಕರು, ದಾವಣಗೆರೆ